ಲಗತ್ತು ಸಾರ್ ಮತ್ತು ನನ್ನ ಇಬ್ಬರು ಅಪ್ಪಂದಿರು

ನಮ್ಮ ಮನೆಯ ಮೇಲೆ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಮನುಷ್ಯ ಒಂದು ಸಲ ನನ್ನನ್ನೇ ನಮ್ಮ ಮನೆಯ ವಿಳಾಸಕ್ಕೆ ಪುರಾವೆ ಕೇಳಿದ್ದರು. ಅವರ ವಿಷಯ ಎಲ್ಲಿಂದ ಶುರು ಮಾಡಿದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೇನೆ. ಹಾಗಾಗಿ ಇಲ್ಲಿಂದಲೇ ಶುರು ಮಾಡಿಬಿಡುತ್ತೇನೆ.

ಅವರು ಯಲಹಂಕದ ಒಂದು ಕಾಲೇಜಿನಲ್ಲಿ ಕಚೇರಿ ಅಧೀಕ್ಷಕರಾಗಿದ್ದರು. ಊರು ಬಾಗಲಕೋಟೆ ಕಡೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಗಂಡ ಹೆಂಡತಿ ಇಬ್ಬರೇ ಅಲ್ಲಾಳಸಂದ್ರದ ನಮ್ಮ ಮನೆಯ ಎರಡನೇ ಮಹಡಿಗೆ ಬಂದರು. ನಾನು ಪಿಯುಸಿ ಮುಗಿಸಿ ಅವರ ಕಾಲೇಜಿಗೇ ಅರ್ಜಿ ಹಾಕಿದೆ. ಆ ದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ "ನಾಷ್ಟಾ ಆತೇನ ತಂಗಿ?" ಅಂತ ವಿಚಾರಿಸಿಕೊಂಡೇ ಹೋಗಿದ್ದರು. ಹತ್ತೂವರೆಗೆ ಕಾಲೇಜಿನ ಕಿಟಕಿಯ ಆಚೆ ಕೂತು, ನನ್ನ ಮುಖವನ್ನೇ ಮೊದಲ ಸಲ ನೋಡುವವರ ಹಾಗೆ, ಅರ್ಜಿದಾರರ ವಾಸಸ್ಥಳದ ಪುರಾವೆ ಎಲ್ಲಿ ಅಂದರು. ಸಾರ್, ನೀವು ನಮ್ಮ ಮನೆ ಮೇಲೇ ಇದ್ದೀರಲ್ಲ ಅಂದೆ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನನಗ ಗೊತ್ತೈತಿ. ಕಡತಕ್ಕ ಗೊತ್ತಿಲ್ಲ."

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನು ಬಸ್ಸು ಹಿಡಿದು ಮನೆಗೆ ಬಂದು ಕರೆಂಟ್ ಬಿಲ್ಲು ತೆಗೆದುಕೊಂಡು ಹೋದೆ. ಆ ಬಿಲ್ಲನ್ನು ಹಿಂದಿನ ವಾರ ಮೀಟರಿನ ಹತ್ತಿರದಿಂದ ಎತ್ತಿ ನಮ್ಮ ಬಾಗಿಲಿಗೆ ಸಿಕ್ಕಿಸಿದ್ದವರು ಅವರೇ.

ಅವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ನೀಲಿಯದು ಬರೆಯುವುದಕ್ಕೆ, ಕೆಂಪಿನದು ವಾಪಸ್ ಕಳಿಸುವುದಕ್ಕೆ. ನೀಲಿ ಪೆನ್ನು ಎರಡು ತಿಂಗಳು ಬಂದರೆ ಕೆಂಪು ಪೆನ್ನು ಮೂರು ವಾರಕ್ಕೆ ಮುಗಿಯುತ್ತಿತ್ತು ಅಂತ ಕಾಲೇಜಿನ ಜವಾನರೇ ಹೇಳುತ್ತಿದ್ದರು. ಯಾವ ಅರ್ಜಿ ಕೊಟ್ಟರೂ ಮೊದಲು ಹಿಂದಿನ ಪುಟ ತಿರುಗಿಸಿ "ಲಗತ್ತು ಎಲ್ಲೈತಿ?" ಅನ್ನುವುದು ಅವರ ಪದ್ಧತಿ. ಅರ್ಜಿಯ ಜೊತೆ ಸೇರಿಸಬೇಕಾದ ಕಾಗದಪತ್ರ ಇಲ್ಲದಿದ್ದರೆ ಅರ್ಜಿ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಅದಕ್ಕೇ ಮೂರು ತಲೆಮಾರಿನ ವಿದ್ಯಾರ್ಥಿಗಳು ಅವರನ್ನು ಲಗತ್ತು ಸಾರ್ ಅಂತಲೇ ಕರೆದರು. ಅದು ಅವರಿಗೂ ಗೊತ್ತಿತ್ತು. ಬೇಜಾರಿರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು.

ಈ ಚಾಳಿ ಮನೆಗೂ ಬಂದಿತ್ತು. ಯಾರೋ ಮದುವೆ ಪತ್ರಿಕೆ ಕೊಟ್ಟರೆ ಒಳಗಿಂದ ಕಲ್ಯಾಣಮಂಟಪದ ದಾರಿ ತೋರಿಸುವ ಚೀಟಿ ಬೀಳದಿದ್ದರೆ ಲಗತ್ತು ಕೇಳುತ್ತಿದ್ದರು. ಅವರ ಹೆಂಡತಿಯನ್ನು ನಾನು ಕಾಕು ಅಂತಿದ್ದೆ. ಕಾಕು ರೊಟ್ಟಿ ಬಡಿಸಿ ಶೇಂಗಾ ಚಟ್ನಿಪುಡಿ ತರಲು ಒಳಗೆ ಹೋಗುವಷ್ಟರಲ್ಲಿ ತಟ್ಟೆಯ ಮುಂದಿನಿಂದ ಅದೇ ಪ್ರಶ್ನೆ ಬರುತ್ತಿತ್ತು. "ಅರ್ಜಿ ವಾಪಸ್ ಮಾಡ್ರಿ ಹಂಗಾರ" ಅಂತ ಕಾಕು ತಟ್ಟೆಗೆ ಕೈ ಹಾಕಿದರೆ ಮಾತ್ರ ಸುಮ್ಮನಾಗುತ್ತಿದ್ದರು.

ಇನ್ನು ನನ್ನ ದೊಡ್ಡಪ್ಪನಿಗೂ ಅವರಿಗೂ ದಿನವೂ ನಡೆಯುವ ಒಂದು ವ್ಯವಹಾರವಿತ್ತು. ದೊಡ್ಡಪ್ಪ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಹಿಂದೆ ನಮ್ಮ ರಾಗಿ ಕಣವಿದ್ದ ಜಾಗದಲ್ಲೇ ಈ ಮೂರಂತಸ್ತಿನ ಮನೆ ಕಟ್ಟಿಸಿದ್ದು, ಪಕ್ಕದಲ್ಲಿ ಎರಡು ಹಸುಗಳಿಗೆ ಕೊಟ್ಟಿಗೆ ಬಿಟ್ಟುಕೊಂಡಿದ್ದು, ಎಲ್ಲ ಅವರೇ. ಕಾಲೇಜಿನಲ್ಲಿ ಕೆಲಸ ಮಾಡುವವರೆಲ್ಲ ಅವರ ಲೆಕ್ಕದಲ್ಲಿ ಮೇಷ್ಟ್ರು. ಸಾರ್ ಇಳಿದು ಬಂದ ಕೂಡಲೇ "ಒಂಟ್ರಾ ಮೇಷ್ಟ್ರೇ?" ಅನ್ನುತ್ತಿದ್ದರು. "ನಾ ಮೇಷ್ಟ್ರಲ್ರೀ ಗೌಡ್ರ, ಅಧೀಕ್ಷಕ" ಅಂತ ಇವರು ತಿದ್ದುತ್ತಿದ್ದರು. ದೊಡ್ಡಪ್ಪ ಆಗಲಿ ಅಂತ ತಲೆ ಆಡಿಸುತ್ತಿದ್ದರು. ಮಾರನೇ ದಿನ ಮತ್ತೆ ಮೇಷ್ಟ್ರೇ. ಇಬ್ಬರಲ್ಲಿ ಒಬ್ಬರಾದರೂ ಬೇಸತ್ತಿದ್ದನ್ನು ನಾನು ನೋಡಲಿಲ್ಲ.

ಈಗ ದೊಡ್ಡಪ್ಪ ಅಂದೆನಲ್ಲ, ಅಲ್ಲೊಂದು ವಿವರಣೆ ಬೇಕು. ಬಾಯಿತುಂಬ ನಾನು ಅವರನ್ನು ಯಾವತ್ತೂ ದೊಡ್ಡಪ್ಪ ಅಂದವಳಲ್ಲ. ಅವರ ಇಬ್ಬರು ಗಂಡುಮಕ್ಕಳ ಜೊತೆ ಸೇರಿ ನಾನೂ ಅಪ್ಪ ಅಂತಲೇ ಕರೆದೆ. ಹೆತ್ತ ಅಪ್ಪನನ್ನು ಅತ್ತೆಯರು ಕರೆಯುವುದು ಕೇಳಿ ಅಣ್ಣ ಅಂದೆ. ನಮ್ಮ ಮನೆಯಲ್ಲಿ ಅದು ವಿಚಿತ್ರವೇನಲ್ಲ, ನಮ್ಮ ಕಡೆಯ ಕೂಡುಮನೆಗಳಲ್ಲಿ ಹೀಗೇ. ಮನೆಯ ಹಿರಿಯ ಎಲ್ಲ ಮಕ್ಕಳಿಗೂ ಅಪ್ಪ. ಶಾಲೆಗೆ ಸೇರಿಸಿದ್ದು, ಜ್ವರ ಬಂದಾಗ ಹೆಬ್ಬಾಳದ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದು, ಸ್ಕೂಟಿ ಕೊಡಿಸಿ ಆಮೇಲೆ ತಾವೇ ಹೆದರಿ ಕೀ ಬಚ್ಚಿಟ್ಟಿದ್ದು ಎಲ್ಲ ದೊಡ್ಡಪ್ಪನೇ. ಅಣ್ಣ ಮಾತು ಕಡಿಮೆಯ ಮನುಷ್ಯ. ಯಶವಂತಪುರದ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದು ಹಸುಗಳ ಹತ್ತಿರ ಕೂರುತ್ತಿದ್ದರು. ಓದುವವರಿಗೆ ಗೊಂದಲ ಬೇಡ ಅಂತ ಇಲ್ಲಿ ದೊಡ್ಡಪ್ಪ ಅಂತ ಬರೆಯುತ್ತಿದ್ದೇನೆ. ಪ್ರತಿ ಸಲವೂ ಬೇರೆ ಯಾರದೋ ವಿಷಯ ಬರೆಯುತ್ತಿರುವ ಹಾಗೆ ಅನ್ನಿಸುತ್ತಿದೆ.

ಕರೆಂಟ್ ಬಿಲ್ಲು ತಂದ ಮೇಲೂ ನನ್ನ ಕಾಲೇಜಿನ ಅರ್ಜಿ ಪಾಸಾಗಲಿಲ್ಲ. ತಂದೆಯ ಸಹಿ ಅನ್ನುವ ಜಾಗದಲ್ಲಿ ದೊಡ್ಡಪ್ಪ ಸಹಿ ಹಾಕಿದ್ದರು. ತಂದೆಯ ಹೆಸರು ಒಂದು, ಸಹಿ ಇನ್ನೊಂದು ಅಂತ ಕೆಂಪು ಪೆನ್ನು ಈಚೆ ಬಂತು. ಅಂದು ಸಂಜೆ ಕಾಲಿಂಗ್ ಬೆಲ್ ಹೊಡೆಯಿತು. ದಿನಾ ಮೆಟ್ಟಿಲ ಮೇಲಿಂದಲೇ ಕೂಗಿ ಮಾತಾಡುವ ಸಾರ್, ಆಫೀಸಿನ ಬಟ್ಟೆಯಲ್ಲೇ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಪರಿಶೀಲನೆಗೆ ಬಂದಿದ್ದಾರಂತೆ. ದೊಡ್ಡಪ್ಪನನ್ನು, ಅಣ್ಣನನ್ನು, ಅಮ್ಮನನ್ನು ಕೂರಿಸಿ ವಿಚಾರಣೆ ಮಾಡಿದರು. ಅಮ್ಮ ಕೊಟ್ಟ ಕಾಫಿಯನ್ನು ಕರ್ತವ್ಯದ ಮೇಲಿದ್ದೇನೆ ಅಂತ ಕುಡಿಯಲಿಲ್ಲ. ಅರ್ಜಿಯ ಕೆಳಗೆ ಕೆಂಪು ಶಾಯಿಯಲ್ಲಿ ನಾಲ್ಕೈದು ಸಾಲು ಗೀಚಿ, ಮೇಲೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಲುಂಗಿಯಲ್ಲಿ ಇಳಿದು ಬಂದು, "ಎಲ್ಲಿ ಆ ಕಾಫಿ?" ಅಂದರು. ಏನು ಬರೆದರು ಅಂತ ನಾನು ಓದಲೂ ಇಲ್ಲ. ಸೀಟು ಸಿಕ್ಕಿತಲ್ಲ ಅಂತ ಓಡಿದೆ.

ನಾಲ್ಕು ವರ್ಷದ ನಂತರ ನಾನು ವಿದೇಶಕ್ಕೆ ಓದಲು ಹೊರಟೆ. ಕೆರೆಗಳ ನೀರಿನ ವಿಷಯ. ದೊಡ್ಡಪ್ಪ ಹುಡುಗನಾಗಿದ್ದಾಗ ದನಗಳ ಮೈ ತೊಳೆದು ತಾವೂ ಈಜಿ ಬರುತ್ತಿದ್ದ ನಮ್ಮ ಕೆರೆ, ನಾನು ಹುಟ್ಟುವ ಹೊತ್ತಿಗೆ ಮೂಗು ಮುಚ್ಚಿಕೊಂಡು ದಾಟುವ ಹಾಗಾಗಿತ್ತು. ಯಾಕೆ ಹಾಗಾಯಿತು, ಸರಿ ಮಾಡುವುದು ಹೇಗೆ ಅಂತ ಓದಬೇಕೆನ್ನುವುದು ನನ್ನ ಹಟ. ಒಂದು ವಿಶ್ವವಿದ್ಯಾಲಯ ಸೀಟು ಕೊಟ್ಟಿತು, ಅರ್ಧ ಫೀಸು ಮಾಫಿ ಅಂತಲೂ ಬರೆದಿತ್ತು. ಆದರೆ ಅದೇ ವರ್ಷ ಸೇರಿದರೆ ಮಾತ್ರ. ಆ ದೇಶ ಯಾವುದು ಅಂತ ಹೇಳುವುದಿಲ್ಲ, ಈಗ ನನಗೆ ಅವರ ಮೇಲೆ ಸಿಟ್ಟೂ ಇಲ್ಲ.

ವೀಸಾ ಅರ್ಜಿಯನ್ನು ಆರ್.ಟಿ. ನಗರದ ಒಬ್ಬ ಏಜೆಂಟ್ ತುಂಬಿಸಿದ. ತಂದೆಯ ಹೆಸರು ಅಂತ ಅಂಕಪಟ್ಟಿಯಲ್ಲಿದ್ದ ಅಣ್ಣನ ಹೆಸರು ಹಾಕಿದ. ಖರ್ಚು ನೋಡಿಕೊಳ್ಳುವವರು ದೊಡ್ಡಪ್ಪ, ಮನೆ ಜಮೀನು ಎಲ್ಲ ಅವರ ಹೆಸರಿನಲ್ಲೇ ಇತ್ತು. ಯಾಕೆ ಓದಬೇಕು ಅಂತ ನೀವೇ ಮನಸ್ಸಿನಿಂದ ಬರೆಯಿರಿ ಅಂದ. ನಾನು ಮನಸ್ಸಿನಿಂದಲೇ ಬರೆದೆ. ನನ್ನ ಅಪ್ಪ ಈಜಿದ ಕೆರೆ, ನನ್ನ ಅಪ್ಪ ದನ ತೊಳೆದ ಕೆರೆ, ನನ್ನನ್ನು ಓದಿಸುತ್ತಿರುವವರು ನನ್ನ ಅಪ್ಪ. ದೊಡ್ಡಪ್ಪನೂ ನನ್ನ ಮಗಳ ಖರ್ಚು ನನ್ನದು ಅಂತ ಪತ್ರಕ್ಕೆ ಸಹಿ ಹಾಕಿದರು. ಒಮ್ಮೆ ಇದೇ ತಪ್ಪಿಗೆ ಅರ್ಜಿ ವಾಪಸ್ ಬಂದವಳು ನಾನು. ಆದರೂ ಇದರಲ್ಲಿ ತಪ್ಪಿದೆ ಅಂತ ಕೂಡ ಹೊಳೆಯಲಿಲ್ಲ. ಮೇಲಿನ ಮನೆಗೆ ಹೋಗಿ ಒಂದು ಸಲ ತೋರಿಸಬಹುದಿತ್ತು. ತೋರಿಸಲಿಲ್ಲ. ಮೂರು ಸಲ ವಾಪಸ್ ಕಳಿಸುತ್ತಾರೆ, ಯಾರಿಗೆ ಬೇಕು ಅಂದುಕೊಂಡೆ.

ವೀಸಾ ತಿರಸ್ಕಾರವಾಯಿತು. ನಿಮ್ಮ ಹೇಳಿಕೆಯಲ್ಲಿ ನಿಮ್ಮನ್ನು ಓದಿಸುತ್ತಿರುವುದು ನಿಮ್ಮ ತಂದೆ ಎಂದಿದ್ದೀರಿ, ಆದರೆ ಈ ವ್ಯಕ್ತಿ ನಿಮ್ಮ ಜನನ ಪ್ರಮಾಣಪತ್ರದಲ್ಲಿರುವ ತಂದೆಯಲ್ಲ, ನೀವು ಕೊಟ್ಟ ಮಾಹಿತಿ ನಿಜವೆಂದು ನನಗೆ ಮನವರಿಕೆಯಾಗಿಲ್ಲ ಅಂತ ಒಂದು ಪುಟದ ಪತ್ರ. ಒಪ್ಪಿಗೆ ಇಲ್ಲದಿದ್ದರೆ ಇಪ್ಪತ್ತೆಂಟು ದಿನದೊಳಗೆ ಮರುಪರಿಶೀಲನೆ ಕೇಳಬಹುದು ಅಂತ ಕೊನೆಯಲ್ಲಿತ್ತು. ಏಜೆಂಟ್ ಕೈ ಚೆಲ್ಲಿದ. ಮೇಲ್ಮನವಿಯಿಂದೆಲ್ಲ ಏನೂ ಆಗಲ್ಲ ಮೇಡಂ, ಮುಂದಿನ ವರ್ಷ ಬೇರೆ ದೇಶ ನೋಡೋಣ ಅಂದ. ಆದರೆ ಸುಳ್ಳು ಹೇಳಿದವಳು ಅಂತ ಒಂದು ಕಡೆ ದಾಖಲಾದರೆ ಬೇರೆ ದೇಶದವರೂ ಅದನ್ನೇ ಕೇಳುತ್ತಾರೆ. ನಾನು ಎರಡು ದಿನ ಅತ್ತೆ. ಅಮ್ಮ ಆ ಆಫೀಸರಿಗೆ ಬಾಯಿಗೆ ಬಂದ ಶಾಪ ಹಾಕಿದಳು. ಮೂರನೇ ದಿನ ಅಣ್ಣ ಏನೂ ಹೇಳದೆ ಪತ್ರ ತೆಗೆದುಕೊಂಡು ಮೇಲಕ್ಕೆ ಹೋಗಿ ಸಾರ್ ಅವರನ್ನು ಕರೆದುಕೊಂಡು ಬಂದರು.

ಸಾರ್ ಪತ್ರವನ್ನು ನಿಧಾನಕ್ಕೆ ಓದಿದರು. ಬೇರೆಯವರ ಮನೆಯ ಸಾರು ರುಚಿ ನೋಡುವ ಅಡುಗೆಯವರ ಹಾಗೆ ನಡುನಡುವೆ ನಿಲ್ಲಿಸಿ, ತಲೆದೂಗಿ, ಮತ್ತೆ ಮೊದಲಿಂದ ಓದಿದರು.

"ಛಲೋ ಬರದಾನ್ರೀ. ಒಂದ್ ಶಬ್ದ ಹೆಚ್ಚಿಲ್ಲ, ಒಂದ್ ಕಡಿಮಿಲ್ಲ. ನಾ ಅಲ್ಲಿದ್ರೂ ವಾಪಸ್ ಮಾಡ್ತಿದ್ದೆ."

ಅಮ್ಮ ಎದ್ದು ಒಳಗೆ ಹೋಗಿಬಿಟ್ಟಳು. ಪಾತ್ರೆಗಳ ಸದ್ದಿನಲ್ಲೇ ಅವಳ ಅಭಿಪ್ರಾಯ ಗೊತ್ತಾಯಿತು. ಸಾರ್ ಅದಾವುದನ್ನೂ ಗಮನಿಸದೆ ನನ್ನ ಹೇಳಿಕೆಯನ್ನು ತರಿಸಿಕೊಂಡು ಕೆಂಪು ಪೆನ್ನಿನಿಂದ ಅಡಿಗೆರೆ ಹಾಕುತ್ತಾ ಹೋದರು. ಹನ್ನೊಂದು ಕಡೆ ಅಪ್ಪ ಅಂತ ಬರೆದಿದ್ದೀಯ, ಹನ್ನೊಂದೂ ತಪ್ಪು ಅಂದರು. ನನಗೆ ಮತ್ತೆ ಅಳು ಬಂತು. ಆಗ ಪೆನ್ನು ಮುಚ್ಚಿದರು.

"ನನಗ ಒಮ್ಮಿ ತೋರಿಸ್ಬಾರದಿತ್ತೇನ ತಂಗಿ?" ಅಂದರು. ಅವರಿಗೆ ನೋವಾಗಿತ್ತು ಅಂತ ಆಗ ಗೊತ್ತಾಯಿತು. ನೀವು ವಾಪಸ್ ಕಳಿಸ್ತೀರ ಅಂತ ಭಯ ಸಾರ್ ಅಂತ ನಿಜ ಹೇಳಿದೆ.

"ವಾಪಸ್ ಅಂದ್ರ ಬ್ಯಾಡ ಅಂತಲ್ಲ. ಸರಿ ಮಾಡ್ಕೊಂಡ್ ಇನ್ನೊಮ್ಮಿ ಬಾ ಅಂತ. ಮೂವತ್ತು ವರ್ಷ ವಾಪಸ್ ಮಾಡೀನಿ, ವಾಪಸ್ ಮಾಡಾಂವನ ಮನಸ್ಸು ನನಗ ಗೊತ್ತಿರೂದಿಲ್ಲೇನು? ಅಂವಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಅಂವಗ ನಿಮ್ಮ ಮನಿ ಗೊತ್ತಿಲ್ಲ, ಅಷ್ಟ."

ಅಲ್ಲಿಂದ ಶುರುವಾದ ಮೂರು ವಾರವನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಸಾರ್ ಕಾಲೇಜಿನಿಂದ ಬಂದವರೇ ಕೆಳಗೆ ನಮ್ಮ ಹಾಲಿನಲ್ಲಿ ಕೂರುತ್ತಿದ್ದರು. ಜನನ ಪ್ರಮಾಣಪತ್ರ, ರೇಷನ್ ಕಾರ್ಡು, ವಂಶವೃಕ್ಷ, ದೊಡ್ಡಪ್ಪ ಅಣ್ಣ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತ ಶಾಲೆಯ ದಾಖಲೆ, ಎಲ್ಲ ತರಿಸಿದರು. ನನ್ನ ನಾಮಕರಣದ ಫೋಟೋ ಅಮ್ಮ ತಂದುಕೊಟ್ಟರೆ ದಿನಾಂಕವಿಲ್ಲ ಅಂತ ಹಿಂದಿರುಗಿಸಿದರು. ಅಮ್ಮ ಅಂದಿನ ಕಾಫಿಗೆ ಸಕ್ಕರೆ ಹಾಕಲಿಲ್ಲ. ಮೊದಲ ಕರಡು ಐದು ಪುಟವಾಯಿತು. ವಿಷಯ, ಉಲ್ಲೇಖ, ಮಾನ್ಯರೇ ಎಲ್ಲವನ್ನೂ ಸರ್ಕಾರಿ ಇಂಗ್ಲಿಷಿನಲ್ಲಿ ಬರೆದಿದ್ದರು. ಆನ್‌ಲೈನಿನಲ್ಲಿ ಒಂದು ಚಿಕ್ಕ ಚೌಕವಿದೆ, ಅಷ್ಟರಲ್ಲೇ ಬರೆಯಬೇಕು, ಉಲ್ಲೇಖಕ್ಕೆಲ್ಲ ಜಾಗವಿಲ್ಲ ಅಂತ ತೋರಿಸಿದಾಗ ಆ ದೇಶದ ಬಗ್ಗೆ ಅವರಿಗಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು. ಉಲ್ಲೇಖವಿಲ್ಲದೆ ಆಡಳಿತ ಹೇಗೆ ನಡೆಸುತ್ತಾರೆ ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ.

ಎಲ್ಲ ಸೇರಿತು, ಒಂದು ಲಗತ್ತು ಉಳಿಯಿತು. ದೊಡ್ಡಪ್ಪನ ಪ್ರಮಾಣಪತ್ರ, ಅಂದರೆ ಅಫಿಡವಿಟ್ಟು. ಗಡುವಿಗೆ ಐದು ದಿನ ಇದ್ದಾಗ ಒಂದು ಭಾನುವಾರ ಬೆಳಿಗ್ಗೆ, ಮಾರನೇ ದಿನ ನೋಟರಿಯ ಹತ್ತಿರ ಹೋಗುವ ಮುಂಚೆ, ಸಾರ್ ಅದನ್ನು ಜಗಲಿಯಲ್ಲಿ ಓದಿ ಹೇಳಿದರು. ತರಬೇತಿಯ ವಿಮಾನಗಳು ತಲೆಯ ಮೇಲೆ ಸುತ್ತು ಹೊಡೆಯುತ್ತಿದ್ದವು. ಅವು ಹೋಗುವ ತನಕ ನಿಲ್ಲಿಸಿ, ಮತ್ತೆ ಓದಿದರು. ಸದರಿ ಅರ್ಜಿದಾರಳು ನನ್ನ ಮಗಳಲ್ಲ, ನನ್ನ ತಮ್ಮನ ಮಗಳು, ಹಿಂದಿನ ಪತ್ರದಲ್ಲಿ ಮಗಳು ಎಂದು ಬರೆದಿದ್ದು ತಪ್ಪು ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು.

"ಇದುಕ್ಕೆ ನಾನ್ ರುಜು ಆಕಾಕಿಲ್ಲ."

ಇದು ಖರೇ ಸಂಗತಿ ಅಲ್ಲವೇ ಗೌಡ್ರ ಅಂತ ಸಾರ್ ಕೇಳಿದರು.

"ಖರೇನೋ ಸುಳ್ಳೋ ನಂಗೊತ್ತಿಲ್ಲ ಮೇಷ್ಟ್ರೇ. ಈ ಎಣ್ಣು ನಂದಲ್ಲ ಅಂತ ಬರ್ಕೊಟ್ಟು, ಅದೇ ಎಣ್ಣುನ್ನ ನಾನ್ ಇಮಾನ ಅತ್ತಿಸ್ಲಾ?"

ಆ ದಿನ ಸಾರ್ ಅಧೀಕ್ಷಕ ಅಂತ ತಿದ್ದಲಿಲ್ಲ. ಎಲ್ಲರೂ ಅಣ್ಣನ ಮುಖ ನೋಡಿದರು. ಅವರು ಕೊಟ್ಟಿಗೆಯ ಕಡೆ ನೋಡುತ್ತಾ, ಅಣ್ಣಯ್ಯ ಹಾಕದೆ ಇದ್ದರೆ ನಾನೂ ಯಾವುದಕ್ಕೂ ಹಾಕಲ್ಲ ಅಂದರು. ವರ್ಷಕ್ಕೊಂದು ಮಾತಾಡುವ ಮನುಷ್ಯ, ಆ ವರ್ಷದ ಮಾತನ್ನು ಅವತ್ತೇ ಆಡಬೇಕಿತ್ತೇ? ನನಗೆ ಇಬ್ಬರ ಮೇಲೂ ವಿಪರೀತ ಸಿಟ್ಟು ಬಂತು. ಐದು ದಿನದಲ್ಲಿ ನನ್ನ ಸೀಟು ಹೋಗುತ್ತದೆ, ನನ್ನ ಹೆಸರಿನ ಮುಂದೆ ಸುಳ್ಳಿ ಅಂತ ಉಳಿಯುತ್ತದೆ, ಇವರಿಗೆ ಒಂದು ಸಾಲು ಬರೆಯುವುದಕ್ಕಾಗುವುದಿಲ್ಲ. ಅದೇ ಹೊತ್ತಿಗೆ, ದೊಡ್ಡಪ್ಪ ಆ ಕಾಗದಕ್ಕೆ ಸಹಿ ಹಾಕಿಬಿಟ್ಟರೆ ಅಂತ ಒಳಗೊಳಗೇ ಹೆದರುತ್ತಲೂ ಇದ್ದೆ. ಎರಡೂ ನಿಜ.

ಸಾರ್ ತಾವು ಬರೆದ ಕಾಗದವನ್ನು ಇನ್ನೊಂದು ಸಲ ಓದಿಕೊಂಡರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಏನೋ ಬರೆದರು. ಮಡಚಿ ಫೈಲಿನೊಳಗಿಟ್ಟರು.

"ಇದು ಸರಿ ಇಲ್ರೀ. ಬರದಾಂವಗ ಮನಿ ತಿಳದಿಲ್ಲ" ಅಂದು, ಬರೆದವರು ಬೇರೆ ಯಾರೋ ಅನ್ನುವ ಹಾಗೆ ಎದ್ದು ಮೆಟ್ಟಿಲು ಹತ್ತಿದರು.

ಮಾರನೇ ದಿನ ನನ್ನನ್ನು ಕಾಲೇಜಿಗೆ ಕರೆಸಿ, ನಾಲ್ಕು ವರ್ಷದ ಹಿಂದಿನ ನನ್ನ ಪ್ರವೇಶದ ಅರ್ಜಿಯ ದೃಢೀಕೃತ ಪ್ರತಿ ಬೇಕು ಅಂತ ಅಧೀಕ್ಷಕರಿಗೆ ಒಂದು ಕೋರಿಕೆ ಬರೆಯಲು ಹೇಳಿದರು. ಏನು ಬರೆಯಬೇಕು ಅಂತ ಅವರೇ ಹೇಳಿಕೊಟ್ಟರು. ಬರೆದು ಅವರಿಗೇ ಕೊಟ್ಟೆ. ಸಹಿಯ ಕೆಳಗೆ ದಿನಾಂಕವಿಲ್ಲ ಅಂತ ವಾಪಸ್ ಕೊಟ್ಟರು. ಗಡುವಿಗೆ ನಾಲ್ಕೇ ದಿನ ಇತ್ತು ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಪ್ರಾಂಶುಪಾಲರ ಸಹಿಯಾಗಿ ಸೀಲು ಬಿದ್ದ ಆ ಹಳೆಯ ಅರ್ಜಿಯಲ್ಲಿ, ಅಂದು ನಾನು ಓದದೇ ಬಿಟ್ಟ ಕೆಂಪು ಸಾಲುಗಳಿದ್ದವು. ಖುದ್ದಾಗಿ ಮನೆಗೆ ಭೇಟಿ ನೀಡಿ ವಿಚಾರಿಸಿದೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ವಾಸವಿದ್ದಾರೆ. ಅರ್ಜಿದಾರಳು ತನ್ನ ತಂದೆಯ ಅಣ್ಣನನ್ನೇ ಅಪ್ಪ ಎಂದು ಕರೆಯುತ್ತಾಳೆ. ಮನೆಯ ಎಲ್ಲ ಮಕ್ಕಳ ಜವಾಬ್ದಾರಿ ಅವರದೇ. ಅವರ ಸಹಿಯನ್ನು ಒಪ್ಪಬಹುದು. ಕೆಳಗೆ ಸಹಿ, ದಿನಾಂಕ. ವೀಸಾದ ಯೋಚನೆಯೂ ಇಲ್ಲದ ಕಾಲದಲ್ಲಿ, ನನ್ನನ್ನು ಗೋಳು ಹೊಯ್ದುಕೊಳ್ಳುವುದಕ್ಕೆ ಅಂತಲೇ ನಾನು ತಿಳಿದಿದ್ದ ಆ ಪರಿಶೀಲನೆ, ನಾನು ಸುಳ್ಳಿಯಲ್ಲ ಅನ್ನುವುದಕ್ಕೆ ಇದ್ದ ಒಂದೇ ಹಳೆಯ ಸಾಕ್ಷಿಯಾಗಿತ್ತು. ಸಾರ್ ಮುಖದಲ್ಲಿ ಗೆಲುವು ಕಾಣಿಸಲಿಲ್ಲ. ಇಂಗ್ಲಿಷಿಗೆ ಅನುವಾದ ಮಾಡಬೇಕು, ಅನುವಾದಕರ ಸಹಿ ಬೇಕು ಅಂತ ಮುಂದಿನ ಕೆಲಸಕ್ಕೆ ಹೋದರು.

ಪ್ರಮಾಣಪತ್ರವನ್ನೂ ಹೊಸದಾಗಿ ಬರೆದಿದ್ದರು. ಐದೇ ಸಾಲು. ಈ ಹುಡುಗಿಗೆ ಹುಟ್ಟಿನಿಂದ ಒಬ್ಬ ತಂದೆ, ನಮ್ಮ ಮನೆಯ ಪದ್ಧತಿಯಿಂದ ಇನ್ನೊಬ್ಬ ತಂದೆ. ಇಬ್ಬರೂ ಅಣ್ಣತಮ್ಮಂದಿರು. ಇಬ್ಬರೂ ಬದುಕಿದ್ದೇವೆ, ಒಂದೇ ಮನೆಯಲ್ಲಿದ್ದೇವೆ. ಅವಳು ಬರೆದ ಅಪ್ಪ ಎರಡನೆಯವನು. ಇಬ್ಬರೂ ಕೆಳಗೆ ಸಹಿ ಮಾಡಿದ್ದೇವೆ. ದೊಡ್ಡಪ್ಪ ಅದನ್ನು ಎರಡು ಸಲ ಓದಿಸಿಕೊಂಡರು. ಇಂಗೆ ಬರ್ದಿದ್ರೆ ಮೊದ್ಲೇ ಆಕ್ತಿದ್ನಲ್ಲ ಅಂದರು. ಯಲಹಂಕದ ನೋಟರಿಯ ಮುಂದೆ ದೊಡ್ಡಪ್ಪ ಸಹಿ ಹಾಕಿದರು, ಪಕ್ಕದಲ್ಲಿ ಅಣ್ಣ ಹಾಕಿದರು. ಸಾಕ್ಷಿಯ ಜಾಗದಲ್ಲಿ ಸಾರ್ ಹಾಕಿದರು. ಅಧೀಕ್ಷಕ ಅಂತ ಬರೆಯುತ್ತಾರೆ ಅಂದುಕೊಂಡಿದ್ದೆ. ಮೇಲಿನ ಮನೆಯ ಬಾಡಿಗೆದಾರ, ಹದಿನೈದು ವರ್ಷದಿಂದ ಅಂತ ಬರೆದರು.

ಅಪ್‌ಲೋಡ್ ಮಾಡುವಾಗ ನನ್ನ ಪಕ್ಕ ಕೂತು, ಟಪಾಲಿಗೆ ಹೋಯಿತಾ ಅಂತ ಮೂರು ಸಲ ಕೇಳಿದರು. ಹೋಯಿತು ಅಂದ ಮೇಲೆ ಸ್ವೀಕೃತಿಯ ಸೀಲು ಎಲ್ಲಿ ಅಂದರು. ಪರದೆಯ ಮೇಲೆ ಬರೀ ಒಂದು ಸಂಖ್ಯೆ ಬಂದಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಎರಡು ಪೆನ್ನುಗಳ ಪಕ್ಕ ಜೇಬಿಗೆ ಹಾಕಿಕೊಂಡರು. ಆಮೇಲೆ ದಿನಾ ಬೆಳಿಗ್ಗೆ ಇಳಿಯುವಾಗ ನಾಷ್ಟಾ ವಿಚಾರಿಸುವುದು ಬಿಟ್ಟು "ಉತ್ತರ ಬಂತೇನ?" ಅನ್ನಲು ಶುರು ಮಾಡಿದರು. ಅಂಗಿ ಬದಲಾದರೂ ಜೇಬಿನಲ್ಲಿ ಚೀಟಿ ಅದೇ ಇತ್ತು.

ಆರನೇ ವಾರ ಉತ್ತರ ಬಂತು. ಹಿಂದಿನ ನಿರ್ಧಾರವನ್ನು ರದ್ದುಪಡಿಸಲಾಗಿದೆ, ವೀಸಾ ನೀಡಲಾಗುವುದು. ಅಷ್ಟೇ. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು, ದೊಡ್ಡಪ್ಪ ಮನೆಮನೆಗೆ ಹೋಗಿ ಹೇಳಿ ಬಂದರು. ಸಾರ್ ಮಾತ್ರ ಆ ಎರಡು ಸಾಲನ್ನು ಓದಿ ಸಪ್ಪಗಾದರು. ಕಾರಣವನ್ನೇ ಬರೆದಿಲ್ಲವಂತೆ. ತಿರಸ್ಕಾರ ಎಷ್ಟು ಚೆಂದ ಬರೆದಿದ್ದ, ಮಂಜೂರಾತಿ ಯಾರೋ ಬೇರೆ ಬರೆದ ಹಾಗಿದೆ ಅಂದರು. ಆದರೂ ಸಂಜೆ ಕಾಕು ಹೋಳಿಗೆ ಮಾಡಿ ತಂದಾಗ, ತಟ್ಟೆಯ ಪಕ್ಕ ತುಪ್ಪ ಇದ್ದೇ ಇತ್ತು. ಇವತ್ತು ಲಗತ್ತು ಮೊದಲೇ ಸೇರಿಸೀನಿ ಅಂತ ಕಾಕು ನಕ್ಕರು.

ನಾನು ಹೋಗಿ, ಓದಿ, ಮೂರು ವರ್ಷಕ್ಕೆ ವಾಪಸ್ ಬಂದೆ. ಈಗ ಹೆಬ್ಬಾಳದ ಹತ್ತಿರ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದೇನೆ. ಸಾರ್ ನಿವೃತ್ತರಾದರೂ ಮನೆ ಬಿಡಲಿಲ್ಲ. ಬಡಾವಣೆಯವರ ಅರ್ಜಿಗಳನ್ನೆಲ್ಲ ಕೂತಲ್ಲೇ ನೋಡಿ ಮೊದಲು ತಾವೇ ವಾಪಸ್ ಮಾಡುತ್ತಿದ್ದರು, ಹಾಗಾಗಿ ಕಚೇರಿಗಳಲ್ಲಿ ಯಾವುದೂ ವಾಪಸ್ ಬರುತ್ತಿರಲಿಲ್ಲ. ಕಳೆದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬಾಗಲಕೋಟೆ ಕಡೆಯಿಂದ ಅವರ ಅಣ್ಣನ ಮಕ್ಕಳು ಬಂದು ಊರಿಗೆ ಕರೆದುಕೊಂಡು ಹೋದರು. ಗೇಟಿನ ಹತ್ತಿರ ದೊಡ್ಡಪ್ಪ ಗಾಡಿ ಮರೆಯಾಗುವ ತನಕ ನಿಂತಿದ್ದು, ಆಮೇಲೆ ಕುರ್ಚಿಯನ್ನು ಒಳಗೆ ಇಟ್ಟರು. ಎರಡು ವಾರ ಈಚೆ ತರಲಿಲ್ಲ.

ಕಾಕು ಊರಿಂದ ಬಂದ ಮೇಲೆ ಮರಣ ಪ್ರಮಾಣಪತ್ರ ಮಾಡಿಸಬೇಕಿತ್ತು. ಮಕ್ಕಳಿಲ್ಲದ ಮನೆ. ನಾನು ಮಾಡಿಸುತ್ತೇನೆ ಅಂದೆ. ಕಾಕು ಬೀರುವಿನಿಂದ ಎರಡು ಫೈಲು ತೆಗೆದುಕೊಟ್ಟರು. ಒಂದರ ಮೇಲೆ ನನ್ನ ಹೆಸರಿತ್ತು. ಒಳಗೆ ಆ ಮೇಲ್ಮನವಿಯ ಕಾಗದಗಳೆಲ್ಲ ಪುಟಸಂಖ್ಯೆ ಹಾಕಿ ಟ್ಯಾಗು ಕಟ್ಟಿ ಇಟ್ಟಿದ್ದವು, ಜೇಬಿನ ಚೀಟಿಯೂ ಇತ್ತು. ಅವತ್ತು ಜಗಲಿಯಲ್ಲಿ ಮಡಚಿಟ್ಟ ಕರಡೂ ಇತ್ತು. ಅಂಚಿನಲ್ಲಿ ಕೆಂಪು ಶಾಯಿ: ಗೌಡರು ಹೇಳುವುದು ಸರಿ. ಬರೆದವನು ತಿದ್ದಿಕೊಂಡು ಮತ್ತೆ ಮಂಡಿಸಬೇಕು. ಕೆಳಗೆ ಸಹಿ, ದಿನಾಂಕ.

ಇನ್ನೊಂದು ಫೈಲಿನ ಮೇಲೆ "ನನ್ನ ನಂತರ" ಅಂತ ಬರೆದಿತ್ತು. ಮರಣ ಪ್ರಮಾಣಪತ್ರದ ಅರ್ಜಿಗೆ ಬೇಕಾದ ಎಲ್ಲವನ್ನೂ ಅವರೇ ಜೋಡಿಸಿಟ್ಟಿದ್ದರು. ಆಧಾರ್ ಪ್ರತಿ, ಪಿಂಚಣಿ ಪುಸ್ತಕದ ಪ್ರತಿ, ವಿಳಾಸಕ್ಕೆ ದೊಡ್ಡಪ್ಪ ಸಹಿ ಹಾಕಿಕೊಟ್ಟ ಬಾಡಿಗೆ ಕರಾರು. ಲಗತ್ತುಗಳ ಪಟ್ಟಿಯ ಕೊನೆಯಲ್ಲಿ, ವೈದ್ಯರ ಪತ್ರ, ಆಮೇಲೆ ಸೇರಿಸುವುದು ಅಂತಿತ್ತು. ಅರ್ಜಿದಾರರಿಗೂ ಮೃತರಿಗೂ ಇರುವ ಸಂಬಂಧ ಅನ್ನುವ ಒಂದು ಜಾಗ ಮಾತ್ರ ಖಾಲಿ.

ಕಚೇರಿಯ ಕೌಂಟರಿನ ಮುಂದೆ ನಿಂತು ಆ ಜಾಗದಲ್ಲಿ ಮಗಳು ಅಂತ ಬರೆಯುವ ಆಸೆಯಾಯಿತು. ಬರೆಯಲಿಲ್ಲ. ಅವರು ವಾಪಸ್ ಕಳಿಸುತ್ತಿದ್ದರು. ಮನೆ ಮಾಲೀಕರ ಮಗಳು ಅಂತ ಸತ್ಯವನ್ನೇ ಬರೆದೆ. ಕೌಂಟರಿನ ಹುಡುಗಿ ಲಗತ್ತುಗಳನ್ನು ತಿರುವಿ ನೋಡಿ, ಎಲ್ಲ ಸರಿಯಿದೆ ಮೇಡಂ, ಇಷ್ಟು ನೀಟಾಗಿ ಯಾರೂ ತರಲ್ಲ ಅಂದಳು. ನನಗೆ ಯಾಕೋ ನಿರಾಸೆಯಾಯಿತು. ಆಟೋದಲ್ಲಿ ಬರುವಾಗ ಹೊಳೆಯಿತು. ಬಾಡಿಗೆ ಕರಾರಿನಲ್ಲಿ ಮಾಲೀಕರ ಹೆಸರು ಒಂದು, ನನ್ನ ಆಧಾರ್‌ನಲ್ಲಿ ತಂದೆಯ ಹೆಸರು ಇನ್ನೊಂದು. ಅದೇ ತಪ್ಪು, ಮೂರನೇ ಸಲ. ಆ ಹುಡುಗಿಯ ಕಣ್ಣಿಗೆ ಬಿದ್ದಿಲ್ಲ. ಆಟೋ ತಿರುಗಿಸಬಹುದಿತ್ತು, ತಿರುಗಿಸಲಿಲ್ಲ.

ಗೇಟಿನ ಹತ್ತಿರ ಕುರ್ಚಿ ಮತ್ತೆ ಈಚೆ ಬಂದಿತ್ತು. "ಏನಮ್ಮ, ಮೇಷ್ಟ್ರ ಅರ್ಜಿ ತಗಂಡ್ರಾ?" ಅಂತ ದೊಡ್ಡಪ್ಪ ಕೇಳಿದರು.

"ಮೇಷ್ಟ್ರಲ್ಲ ಅಪ್ಪ, ಅಧೀಕ್ಷಕರು" ಅಂದೆ.

ಆಗಲಿ ಅಂತ ತಲೆ ಆಡಿಸಿದರು.